ಗೆಜ್ಜೆಕೋಲು ಲಾಂಛನವೋ ವಾದ್ಯವೋ?

ನಮಸ್ಕಾರ. ಸೇನಾ ಬ್ಯಾಂಡಿನ ಮುಂದೆ ಒಬ್ಬರು ಎತ್ತಿ ಹಿಡಿದು ಸಾಗುವ, ಅರ್ಧಚಂದ್ರವೂ ಗೆಜ್ಜೆಗಳೂ ಇರುವ ಉದ್ದನೆಯ ಕೋಲು ಬರಿಯ ಲಾಂಛನವೇ, ವಾದ್ಯವಾದರೆ ಡ್ರಮ್ಮುಗಳೊಡನೆ ಅದನ್ನು ಹೇಗೆ ಹೊಂದಿಸಬೇಕು ಎಂದು ನೀವು ಕೇಳಿದ್ದೀರಿ. ಜರ್ಮನಿಯಲ್ಲಿ ಇಂದು ಅದನ್ನು ಮುಖ್ಯವಾಗಿ ಲಾಂಛನದಂತೆ ಹೊತ್ತು ನಡೆಯುತ್ತಾರಾದರೂ ಮೂಲತಃ ಅದು ವಾದ್ಯವೇ. ಅಲ್ಲಿ ಅದರ ಹೆಸರು ಶೆಲ್ಲೆನ್‌ಬಾಮ್, ಎಂದರೆ ಗೆಜ್ಜೆಮರ. ಇಂಗ್ಲಿಷರು ಅದನ್ನು ಟರ್ಕಿಶ್ ಕ್ರೆಸೆಂಟ್ ಎಂದೂ ತಮಾಷೆಗೆ ಜಿಂಗ್ಲಿಂಗ್ ಜಾನಿ ಎಂದೂ ಕರೆದರು.

ತುರ್ಕಿಯ ಆಟೊಮನ್ ಸಾಮ್ರಾಜ್ಯದ ಸೇನೆಯ ಮೆಹ್ತರ್ ವಾದ್ಯಮೇಳದ ಪ್ರಭಾವದಿಂದ ಯುರೋಪಿನ ಸೇನೆಗಳು 18ನೇ ಶತಮಾನದಲ್ಲಿ ಬಾಸ್ ಡ್ರಮ್ (ದೊಡ್ಡ ಡ್ರಮ್), ಸಿಂಬಲ್ (ದೊಡ್ಡ ತಾಳದ ತಟ್ಟೆಗಳು) ಮತ್ತು ಟ್ರಯಾಂಗಲ್‌ (ಬಡಿದು ನುಡಿಸುವ ತ್ರಿಕೋನಾಕಾರದ ಲೋಹದ ಸರಳು)ಗಳ ಜೊತೆಗೆ ಇದನ್ನೂ ಬಳಕೆಗೆ ತಂದವು. ಮೆಹ್ತರಿನ ಜೋಡಿ ನಗಾರಿಗೆ ತುರ್ಕಿಯಲ್ಲಿ ನಕ್ಕಾರೆ ಎನ್ನುತ್ತಾರೆ. ನಮ್ಮ ‘ನಗಾರಿ’ಯೂ ಅದೇ ಅರಬ್ಬಿ ಮೂಲದ ಮಾತು. ಸಂಗೀತ ರಚನಕಾರ ಹೈಡನ್ನನ ನೂರನೆಯ ಸಿಂಫನಿಯಲ್ಲಿ (ವಾದ್ಯವೃಂದದ ದೀರ್ಘ ಕೃತಿ) ಡ್ರಮ್, ಸಿಂಬಲ್, ಟ್ರಯಾಂಗಲ್ ಮೂರೂ ಇವೆ, ಗೆಜ್ಜೆಕೋಲು ಇಲ್ಲ. ಗೆಜ್ಜೆಕೋಲಿಗೆಂದೇ ಪ್ರತ್ಯೇಕವಾಗಿ ಸಂಗೀತ ಬರೆದವರು ವಿರಳ. 1840ರ ತನ್ನ ಸಿಂಫನಿಯಲ್ಲಿ ಅದನ್ನು ಸೇರಿಸಿದ ಫ್ರೆಂಚ್ ರಚನಕಾರ ಬೆರ್ಲಿಯೋಜ್ ಅಂಥವರಲ್ಲೊಬ್ಬ.

ಈ ವಿರಳತೆಗೆ ವಾದ್ಯದ ಗುಣವೂ ಕಾರಣವೆಂದು ನನಗೆ ಅನ್ನಿಸುತ್ತದೆ. ಬಾಸ್ ಡ್ರಮ್ಮಿನ ಚರ್ಮವನ್ನು ಅಂಗೈಯಿಂದ ಒತ್ತಿ, ಸಿಂಬಲನ್ನು ಎದೆಗೆ ಆನಿಸಿ ನಾದವನ್ನು ಥಟ್ಟನೆ ನಿಲ್ಲಿಸಬಹುದು. ಹತ್ತಾರು ಗೆಜ್ಜೆಗಳನ್ನು ಹಾಗೆ ಸುಮ್ಮನಾಗಿಸಲು ಬರುವುದಿಲ್ಲ. ಆದ್ದರಿಂದ ಬಾಸ್ ಡ್ರಮ್ಮಿನ ದೊಡ್ಡ ಹೊಡೆತಗಳೊಡನೆ ಮಾತ್ರ ಅದನ್ನು ಕೂಡಿಸಿ, ಸಣ್ಣ ಪೆಟ್ಟುಗಳನ್ನೆಲ್ಲ ಸ್ನೇರ್ ಡ್ರಮ್ಮಿಗೆ (ಚುರುಕು ಸದ್ದಿನ ಸಣ್ಣ ಡ್ರಮ್) ಬಿಟ್ಟುಬಿಡಿ. ಕೋಲನ್ನು ಕೆಳಕ್ಕೆ ಗಿಡ್ಡದಾಗಿ ಜಗ್ಗಿ ಒಮ್ಮೆಲೇ ತಡೆದಾಗ ಗೆಜ್ಜೆಗಳೆಲ್ಲ ಒಟ್ಟಿಗೆ ನುಡಿಯುತ್ತವೆ. ಹೊಸಬರು ಎಡವುವುದು ಜಗ್ಗುವಾಗಲ್ಲ, ಮೇಲೆತ್ತುವಾಗ: ಅವಸರದಿಂದ ಎತ್ತಿದರೆ ಪೆಟ್ಟು ಬೀಳುವ ಮೊದಲೇ ಝಲ್ಲೆಂದು ತಾಳ ಕೆಡುತ್ತದೆ. ಎತ್ತುವುದನ್ನು ನಿಧಾನವಾಗಿ, ಸದ್ದಾಗದಂತೆ ಅಭ್ಯಾಸ ಮಾಡಿ. ಕೋಲನ್ನು ಅಂಗೈಗಳ ನಡುವೆ ಹಿಂದಕ್ಕೂ ಮುಂದಕ್ಕೂ ತಿರುಗಿಸಿದರೆ ಎಡೆಬಿಡದ ಝಣಝಣ ಬರುತ್ತದೆ. ಅದನ್ನು ಕೊನೆಯ ದೀರ್ಘ ಸ್ವರಕ್ಕಷ್ಟೇ ಉಳಿಸಿಕೊಳ್ಳಿ.

ಇಂಥ ಕೋಲನ್ನು ಮಾಡಿಸುವುದಾದರೆ ತುದಿಯ ಭಾರದ ಕಡೆಗೆ ಗಮನವಿರಲಿ. ಚಂದ್ರ, ಟೋಪಿಯಾಕಾರದ ಹಿತ್ತಾಳೆಯ ಭಾಗ, ಇಕ್ಕೆಲದ ಕುದುರೆಬಾಲದ ಕುಚ್ಚು ಎಲ್ಲವೂ ಮೇಲೆಯೇ ಇರುವುದರಿಂದ ನಡೆಯುವಾಗ ಕೋಲು ವಾಲುತ್ತದೆ. ಬುಡವನ್ನು ಊರಿಕೊಳ್ಳಲು ಹೆಗಲಿನಿಂದ ಇಳಿಬಿಟ್ಟ ಚರ್ಮದ ಪಟ್ಟಿ ಬೇಕೇ ಬೇಕು. ಅಷ್ಟು ಭಾರ ಬೇಡವೆನಿಸಿದರೆ ಮೆಹ್ತರಿನ ಹಾಡುಗಾರರು ಕೈಯಲ್ಲಿ ಹಿಡಿದು ಕುಲುಕುವ ಚೆವ್ಗೆನ್ ಎಂಬ ಗಿಡ್ಡ ಕೋಲಿನ ಮಾದರಿಯನ್ನು ಅನುಸರಿಸಬಹುದು. ನೀವು ನೋಡಿದ್ದರಲ್ಲಿ ಸಣ್ಣ ಕಡ್ಡಿಯಿಂದ ಬಡಿಯುವ ಲೋಹದ ಪಟ್ಟಿಗಳಿದ್ದರೆ ಮಾತ್ರ ಅದು ಬೆಲ್ ಲೈರ್ ಎಂಬ ಸ್ವರವಾದ್ಯ; ಅದಕ್ಕೆ ಮೇಲಿನ ಯಾವ ಸೂಚನೆಯೂ ಅನ್ವಯಿಸುವುದಿಲ್ಲ.