ಕಾಮಾಲೆಗೆ ಔಷಧಿ ಕೊಡಿಸಿದರೂ ತುರಿಕೆ ನಿಂತಿಲ್ಲ

ಪ್ರಶ್ನೆ: ಅಮ್ಮನಿಗೆ 56 ವರ್ಷ. ಮೂರು ವಾರದಿಂದ ಕಣ್ಣು ಹಳದಿ. ನಾಟಿ ಔಷಧಿ ಕೊಡಿಸಿ, ಪಥ್ಯ ಮಾಡಿಸಿದೆವು. ಕಡಿಮೆಯಾಗಲಿಲ್ಲ. ರಾತ್ರಿಯೆಲ್ಲ ಮೈ ಕೆರೆದುಕೊಳ್ಳುತ್ತಾರೆ. ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದಲ್ಲೂ ಪಿತ್ತನಾಳದಲ್ಲೂ ಕಲ್ಲಿದೆ ಅಂದರು. ಮೊದಲು ಇಆರ್‌ಸಿಪಿ, ಆಮೇಲೆ ಆಪರೇಷನ್ ಅಂತೆ. ಎರಡೆರಡು ಸಲ ಯಾಕೆ? ಔಷಧಿಯಲ್ಲೇ ಕರಗಲ್ವಾ?
– ಓದುಗರು, ಹಿರಿಯೂರು

ಉತ್ತರ: ನಾಟಿ ಔಷಧಿಗೆ ಹೋದಿರಿ ಅಂತ ನಿಮ್ಮನ್ನು ಬೈಯುವುದಿಲ್ಲ. ನಮ್ಮ ಕಡೆ ಬರುವ ಕಾಮಾಲೆ ಹೆಚ್ಚಾಗಿ ವೈರಸ್‌ನದು. ಅದು ಕೆಲವು ವಾರದಲ್ಲಿ ಸಾಮಾನ್ಯವಾಗಿ ತಾನಾಗೇ ಇಳಿಯುತ್ತದೆ, ಆದರೆ ವಾಸಿ ಮಾಡಿದ ಹೆಸರು ಮಾತ್ರ ಸೊಪ್ಪಿನ ರಸಕ್ಕೆ ಬರುತ್ತದೆ. ಆದರೆ ಅಮ್ಮನದು ಬೇರೆ. ಲಿವರ್‌ನಿಂದ ಕರುಳಿಗೆ ಪಿತ್ತ ಇಳಿಯುವ ದಾರಿಯೇ ಕಟ್ಟಿದೆ, ತುರಿಕೆಯೂ ಅದಕ್ಕೇ. ನಾಳದಲ್ಲಿ ಸಿಕ್ಕಿಕೊಂಡ ಕಲ್ಲನ್ನು ಯಾವ ಮಾತ್ರೆಯೂ, ಯಾವ ಸೊಪ್ಪೂ ಕರಗಿಸಿ ತೆಗೆಯುವುದಿಲ್ಲ.

ಇಂಥವರು ಬಂದಾಗ ನಾನು ಮೊದಲು ಕೇಳುವುದು ಮಲದ ಬಣ್ಣ. ಮಕ್ಕಳು ಸಂಕೋಚಪಡುತ್ತಾರೆ, ಆದರೂ ಕೇಳುತ್ತೇನೆ. ಮಲಕ್ಕೆ ಬಣ್ಣ ಕೊಡುವುದೇ ಪಿತ್ತ. ಅದು ಕರುಳಿಗೆ ಇಳಿಯದಿದ್ದರೆ ಮಲ ಬೂದು ಜೇಡಿಮಣ್ಣಿನ ಹಾಗೆ, ಮೂತ್ರ ಕಡಕ್ ಟೀ ಡಿಕಾಕ್ಷನ್ ಹಾಗೆ. ಆಮೇಲೆ ಉಗುರು ನೋಡುತ್ತೇನೆ. ಒಬ್ಬ ಅಜ್ಜಿಯ ಉಗುರುಗಳು ಪಾಲಿಶ್ ಹಚ್ಚಿದ ಹಾಗೆ ಮಿನುಗುತ್ತಿದ್ದವು. ತಿಂಗಳಿಡೀ ಕೆರೆದು ಕೆರೆದು ನುಣ್ಣಗಾಗಿದ್ದವು, ಪಾಪ.

ಇನ್ನು ಎರಡು ಸಲ ಯಾಕೆ ಅಂದರೆ, ಇಆರ್‌ಸಿಪಿಯಲ್ಲಿ ಹೊಟ್ಟೆ ಕೊಯ್ಯುವುದಿಲ್ಲ. ಬಾಯಿಂದ ಎಂಡೋಸ್ಕೋಪ್ ಇಳಿಸಿ, ಪಿತ್ತನಾಳ ಕರುಳಿಗೆ ತೆರೆಯುವ ಬಾಯನ್ನು ಸ್ವಲ್ಪ ಕತ್ತರಿಸಿ, ಪುಟ್ಟ ತಂತಿ ಬುಟ್ಟಿಯಲ್ಲಿ ಕಲ್ಲನ್ನು ಎಳೆಯುತ್ತಾರೆ. ಕೆಲವರಿಗೆ ಆಮೇಲೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವುದುಂಟು, ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಆದರೆ ಕಲ್ಲು ಹುಟ್ಟುವ ಜಾಗ ಪಿತ್ತಕೋಶ. ಅದನ್ನು ಹಾಗೇ ಬಿಟ್ಟರೆ ಕಲ್ಲು ಮತ್ತೆ ಜಾರಿ ಬರಬಹುದು. ಅದಕ್ಕೇ ಲ್ಯಾಪ್ರೊಸ್ಕೋಪಿ, ಅಂದರೆ ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಪಿತ್ತಕೋಶವನ್ನೇ ತೆಗೆಯುವ ಆಪರೇಷನ್. ಆಗುವುದಾದರೆ ಅದೇ ದಾಖಲಾತಿಯಲ್ಲೇ ಮುಗಿಸಿಬಿಡಿ, ಮುಂದೆ ಹಾಕಬೇಡಿ.

ನಾನು ಕೆಲಸ ಕಲಿಯುವಾಗ ಇದಕ್ಕೆಲ್ಲ ದೊಡ್ಡ ಗಾಯವೇ ಗತಿ. ನಾಳದೊಳಗೆ ಟಿ ಆಕಾರದ ರಬ್ಬರ್ ಕೊಳವೆ ಇಟ್ಟು ಹೊರಗೆ ಬಾಟಲಿ ಕಟ್ಟುತ್ತಿದ್ದೆವು. ಬಾಟಲಿಯಲ್ಲಿ ಹಸಿರುಹಳದಿ ಪಿತ್ತ. ರೋಗಿಗಳು ಅದನ್ನು ಕೈಯಲ್ಲಿ ಹಿಡಿದುಕೊಂಡೇ ವಾರ್ಡಿನಲ್ಲಿ ಓಡಾಡುತ್ತಿದ್ದರು. ಈಗ ಅಮ್ಮನಿಗೆ ಅಷ್ಟು ಕಷ್ಟ ಬರಬೇಕಿಲ್ಲ.

ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಆಗಿದೆಯಾ ಕೇಳಿ. ಪಿತ್ತ ಕರುಳಿಗೆ ಹೋಗದಿದ್ದರೆ ವಿಟಮಿನ್ ಕೆ ಸರಿಯಾಗಿ ಹೀರಿಕೊಳ್ಳುವುದಿಲ್ಲ, ರಕ್ತ ಜಾಸ್ತಿ ಸೋರುತ್ತದೆ. ಬೇಕಾದರೆ ಇಂಜೆಕ್ಷನ್ ಕೊಟ್ಟು ಸರಿಮಾಡುತ್ತಾರೆ.

ಇನ್ನೊಂದು ಮಾತು, ಬೇರೆ ಓದುಗರಿಗೂ ಸೇರಿ. ನೋವೇ ಇಲ್ಲದೆ ಹಳದಿ ಏರುತ್ತಾ, ತೂಕ ಇಳಿಯುತ್ತಿದ್ದರೆ ಅದು ಕಲ್ಲಲ್ಲದೆ ಗಡ್ಡೆಯೂ ಇರಬಹುದು. ಆಗ ಸ್ಟೆಂಟ್ (ಕಟ್ಟಿದ ನಾಳವನ್ನು ತೆರೆದಿಡುವ ಪುಟ್ಟ ಕೊಳವೆ) ಹಾಕುವ ಮೊದಲೇ ಸಿಟಿ ಸ್ಕ್ಯಾನ್ ಆಗಲಿ.

ನಿಮ್ಮ ತಾಯಿಗೆ ಆಪರೇಷನ್ ದಿನ ಬರುವ ಮೊದಲೇ ಚಳಿ ನಡುಗಿ ಜ್ವರ ಬಂದರೆ, ನಾಳದಲ್ಲಿ ಕೀವಾಗುತ್ತಿದೆ ಅಂತ ತಿಳಿಯಿರಿ. ಬೆಳಗಾಗಲಿ ಅಂತ ಕಾಯಬೇಡಿ. ಅದೇ ರಾತ್ರಿ ಇಆರ್‌ಸಿಪಿ ಸೌಲಭ್ಯವಿರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ.