ನನ್ನ ಲ್ಯಾಪ್‌ಟಾಪಲ್ಲಿ ಓಡ್ತಿತ್ತು, ಸರ್ವರಲ್ಲಿ ಯಾಕೆ ಓಡಲ್ಲ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಗೋಳಿನವು. ಒಂದು ಕಂಪ್ಯೂಟರಿನಲ್ಲಿ ಚೆನ್ನಾಗಿದ್ದ ವೆಬ್ ಅಪ್ಲಿಕೇಶನ್ ಇನ್ನೊಂದಕ್ಕೆ ಹೋದ ಕೂಡಲೇ ಮುನಿಸಿಕೊಂಡಿದೆ. ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಟಾಮ್‌ಕ್ಯಾಟ್ (ಜಾವಾ ವೆಬ್ ಅಪ್ಲಿಕೇಶನ್ ಓಡಿಸೋ ಸರ್ವರ್) ಹಾಕಿಕೊಂಡು ಒಂದು ಜಾವಾ ಅಪ್ಲಿಕೇಶನ್ ಮಾಡಿದೆ. ಅದೇ ವಾರ್ ಫೈಲನ್ನು (ಇಡೀ ಅಪ್ಲಿಕೇಶನ್ ಕಟ್ಟಿಟ್ಟ ಗಂಟು) ಲಿನಕ್ಸ್ ಸರ್ವರಿಗೆ ಹಾಕಿದರೆ ಲಾಗಿನ್ ಆಗುತ್ತೆ, ಆದರೆ ರಿಪೋರ್ಟ್ ಕೇಳಿದರೆ ಫೈಲ್ ಸಿಗಲಿಲ್ಲ ಅನ್ನುತ್ತೆ. ಸಾಲದ್ದಕ್ಕೆ ಕನ್ನಡ ಅಕ್ಷರವೆಲ್ಲ ಪ್ರಶ್ನೆ ಚಿಹ್ನೆ. ಜಾವಾ ಎಲ್ಲಿ ಬೇಕಾದರೂ ಓಡುತ್ತೆ ಅಂತಾರಲ್ಲ, ಸುಳ್ಳಾ?

ಉತ್ತರ: ಸುಳ್ಳಲ್ಲ, ಅರ್ಧ ಮಾತು. ಒಮ್ಮೆ ಬರೆದರೆ ಸಾಕು, ಎಲ್ಲಿ ಬೇಕಾದರೂ ಓಡಿಸಬಹುದು ಅಂತ 1995ರಲ್ಲಿ ಜಾವಾ ಮಾಡಿದ ಸನ್ ಕಂಪನಿ ಹೇಳಿದ್ದು ಬೈಟ್‌ಕೋಡ್ (ಜಾವಾ ಕಂಪೈಲ್ ಆಗಿ ಬರೋ ಕೋಡ್) ಮಟ್ಟಿಗೆ ಇವತ್ತಿಗೂ ನಿಜ. ಆದರೆ ನಿಮ್ಮ ಪ್ರೋಗ್ರಾಮ್ ನಿಮಗೇ ಗೊತ್ತಿಲ್ಲದೆ ಕೆಳಗಿನ ಮಷೀನಿನಿಂದ ಕೆಲವನ್ನು ಕಡ ತಗೊಂಡಿರುತ್ತೆ: ಫೈಲ್ ಹೆಸರಿನ ಪದ್ಧತಿ, ಅಕ್ಷರಗಳ ಎನ್‌ಕೋಡಿಂಗ್ (ಅಕ್ಷರವನ್ನು ಬೈಟುಗಳಾಗಿ ಬರೆಯೋ ರೀತಿ), ಟೈಮ್‌ಜೋನ್, ಯಾವ ಯೂಸರ್ ಹೆಸರಲ್ಲಿ ಓಡ್ತಿದೆ ಅನ್ನೋದು. ಮಷೀನ್ ಬದಲಾದಾಗ ಕೈಕೊಡೋದು ಇವೇ.

ಮೊದಲು ಫೈಲ್. ರಿಪೋರ್ಟಿನ ಟೆಂಪ್ಲೇಟನ್ನು ಡಿಸ್ಕಿನಿಂದ ತೆರೀತಿದ್ದೀರಿ ಅಂತ ಕಾಣುತ್ತೆ. ವಿಂಡೋಸಿಗೆ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಲಿನಕ್ಸಿಗೆ ಅವು ಬೇರೆ ಬೇರೆ ಫೈಲು. ಕೋಡಿನಲ್ಲಿ ಒಂದು ಅಕ್ಷರ ಕ್ಯಾಪಿಟಲ್ ಆಗಿದ್ದು ಡಿಸ್ಕಿನಲ್ಲಿ ಆಗಿಲ್ಲದಿದ್ದರೆ ಮುಗೀತು. ಇನ್ನು ಸಿ ಡ್ರೈವ್ ಅಂತ ಪೂರ್ತಿ ದಾರಿಯನ್ನೇ ಕೋಡಲ್ಲಿ ಬರೆದಿದ್ದರೆ (ಬರೆದಿರ್ತೀರಿ, ಎಲ್ಲರೂ ಬರೆದಿರ್ತೀವಿ) ಅದನ್ನು ತೆಗೆದು ಫೋಲ್ಡರಿನ ಹೆಸರನ್ನು ಹೊರಗಿನ ಸೆಟ್ಟಿಂಗಿನಿಂದ ಓದಿ. ಅಷ್ಟಾದರೂ ಫೈಲ್ ಸಿಗದಿದ್ದರೆ, ಟಾಮ್‌ಕ್ಯಾಟ್ ಓಡ್ತಿರೋ ಯೂಸರಿಗೆ ಆ ಫೋಲ್ಡರ್ ಓದೋ ಅನುಮತಿ ಇದೆಯಾ ನೋಡಿ. ನೀವು ಟರ್ಮಿನಲ್‌ನಲ್ಲಿ ಓದಿ ನೋಡಿದರೆ ಸಾಲದು, ಅಲ್ಲಿ ಓದೋದು ನೀವು, ಟಾಮ್‌ಕ್ಯಾಟ್ ಅಲ್ಲ.

ಇನ್ನು ಪ್ರಶ್ನೆ ಚಿಹ್ನೆ. ಇದಕ್ಕೆ ನಾನೂ ಒಂದು ರಾತ್ರಿ ನಿದ್ದೆ ಕೊಟ್ಟಿದ್ದೇನೆ. ಜಾವಾ 17ರ ತನಕ, ಎನ್‌ಕೋಡಿಂಗ್ ಯಾವುದು ಅಂತ ನೀವು ಹೇಳದಿದ್ದರೆ ಜಾವಾ ಆಪರೇಟಿಂಗ್ ಸಿಸ್ಟಮನ್ನು ಕೇಳುತ್ತೆ. ಸಣ್ಣ ಸರ್ವರುಗಳಲ್ಲಿ, ಕಂಟೈನರುಗಳಲ್ಲಿ (ಅಪ್ಲಿಕೇಶನ್ ಓಡೋ ಪುಟ್ಟ ಡಬ್ಬಿಗಳು) ಎಷ್ಟೋ ಸಲ ಲೊಕೇಲ್, ಅಂದ್ರೆ ಭಾಷೆ ಮತ್ತು ಅಕ್ಷರಗಳ ಸೆಟ್ಟಿಂಗ್, ಇಟ್ಟಿರೋದೇ ಇಲ್ಲ. ಆಗ ಅದು ಆಸ್ಕಿಗೆ (ಇಂಗ್ಲಿಷ್ ಅಕ್ಷರಗಳಷ್ಟೇ ಇರೋ ಹಳೇ ಎನ್‌ಕೋಡಿಂಗ್) ಇಳಿಯುತ್ತೆ, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ, ಪ್ರತಿ ಅಕ್ಷರಕ್ಕೂ ಒಂದು ಪ್ರಶ್ನೆ ಚಿಹ್ನೆ ಹಾಕಿ ಕೈತೊಳೆದುಕೊಳ್ಳುತ್ತೆ. ನನಗೆ ತಲೆ ಕೆಡಿಸಿದ್ದು ಏನಂದ್ರೆ, ಕೈಯಾರೆ ಸ್ಟಾರ್ಟ್ ಮಾಡಿದಾಗ ಎಲ್ಲ ಸರಿಯಿತ್ತು, ಮಷೀನ್ ರೀಸ್ಟಾರ್ಟ್ ಆಗಿ ಟಾಮ್‌ಕ್ಯಾಟ್ ತಾನಾಗೇ ಎದ್ದಾಗ ಮಾತ್ರ ಕೆಡುತ್ತಿತ್ತು. ನನ್ನ ಟರ್ಮಿನಲ್‌ಗೆ ಲೊಕೇಲ್ ಇತ್ತು, ಸರ್ವಿಸಿಗೆ ಇರಲಿಲ್ಲ, ಅಷ್ಟೇ.

2022ರಲ್ಲಿ ಬಂದ ಜಾವಾ 18ರಿಂದ ಎಲ್ಲ ಕಡೆ ಯುಟಿಎಫ್-8 (ಕನ್ನಡಕ್ಕೂ ಜಾಗವಿರೋ ಎನ್‌ಕೋಡಿಂಗ್) ಡೀಫಾಲ್ಟ್. ಹಳೆಯದರಲ್ಲಿದ್ದರೆ ಟಾಮ್‌ಕ್ಯಾಟಿನ ಬಿನ್ ಫೋಲ್ಡರಿನಲ್ಲಿ ಸೆಟ್‌ಎನ್ವ್ (ಟಾಮ್‌ಕ್ಯಾಟ್ ಏಳುವಾಗ ಓದೋ) ಫೈಲ್ ಮಾಡಿ, ಫೈಲ್ ಎನ್‌ಕೋಡಿಂಗ್ ಯುಟಿಎಫ್-8 ಅಂತ ಜಾವಾಕ್ಕೆ ಹೇಳಿ. ಒಂದು ಎಚ್ಚರ: ವಿಂಡೋಸಿನಲ್ಲಿ ಟಾಮ್‌ಕ್ಯಾಟನ್ನು ಸರ್ವಿಸ್ ಆಗಿ ಹಾಕಿದ್ದರೆ ಅದು ಈ ಫೈಲನ್ನು ಓದುವುದಿಲ್ಲ, ಅದರದೇ ಸೆಟ್ಟಿಂಗ್ ಕಿಟಕಿಯಲ್ಲಿ ಜಾವಾ ಆಪ್ಷನ್ಸ್ ಅಂತ ಇರುತ್ತೆ, ಅಲ್ಲಿ ಹಾಕಬೇಕು. ಹಾಗೇ ಫೈಲಿನ ಹೆಸರೇ ಕನ್ನಡದಲ್ಲಿದ್ದರೆ ಜಾವಾ 18 ಇದ್ದರೂ ಲಿನಕ್ಸಿನಲ್ಲಿ ಲೊಕೇಲ್ ಬೇಕೇ ಬೇಕು. ಇಷ್ಟೆಲ್ಲ ಆದರೂ ಒಳ್ಳೆಯ ದಾರಿ ಅಂದ್ರೆ ಕೋಡಿನಲ್ಲಿ ಫೈಲ್ ಓದುವ, ಬರೆಯುವ ಪ್ರತಿ ಕಡೆ ಎನ್‌ಕೋಡಿಂಗ್ ಬಾಯಿಬಿಟ್ಟು ಹೇಳೋದು. ಬೇಜಾರಿನ ಕೆಲಸ, ಒಂದು ಸಲ ಮಾಡಿ.

ಪ್ರಶ್ನೆ: ಟಾಮ್‌ಕ್ಯಾಟ್ 9ರಿಂದ 10ಕ್ಕೆ ಹೋದೆ. ಅಪ್ಲಿಕೇಶನ್ ಏಳುತ್ತೆ, ಜೆಎಸ್‌ಪಿ ಪುಟವೂ (ಜಾವಾ ಸೇರಿಸಿ ಬರೆದ ಎಚ್‌ಟಿಎಂಎಲ್) ತೆರೆಯುತ್ತೆ, ಸರ್ವ್ಲೆಟ್‌ಗಳು (ಕೋರಿಕೆಗೆ ಉತ್ತರಿಸೋ ಜಾವಾ ಕ್ಲಾಸುಗಳು) ಮಾತ್ರ 404, ಅಂದ್ರೆ ಸಿಗಲಿಲ್ಲ. ಲಾಗಿನಲ್ಲಿ ಒಂದು ಎರರೂ ಇಲ್ಲ.

ಉತ್ತರ: ಎರರ್ ಬರದೇ ಇರೋದೇ ಇದರ ಕಿತಾಪತಿ. ಸನ್ ಕಂಪನಿಯನ್ನು ಕೊಂಡಿದ್ದ ಒರಾಕಲ್ 2017ರಲ್ಲಿ ಜಾವಾ ಇಇಯನ್ನು (ಸರ್ವರ್ ಕೆಲಸಕ್ಕೆ ಜಾವಾದ ನಿಯಮಗಳ ಗುಂಪು) ಎಕ್ಲಿಪ್ಸ್ ಫೌಂಡೇಶನ್ ಅನ್ನೋ ಓಪನ್ ಸೋರ್ಸ್ ಸಂಸ್ಥೆಗೆ ಬಿಟ್ಟುಕೊಟ್ಟಿತು, ಜಾವಾ ಅನ್ನೋ ಹೆಸರನ್ನು ಮಾತ್ರ ಬಿಡಲಿಲ್ಲ. ಅದಕ್ಕೆ ಜಕಾರ್ತಾ ಇಇ ಅಂತ ಹೊಸ ಹೆಸರಾಯ್ತು. ಕೊನೆಗೆ 2020ರಲ್ಲಿ ಜಕಾರ್ತಾ ಇಇ 9 ಬಂದಾಗ ಜಾವಾಎಕ್ಸ್ ಅಂತಿದ್ದ ಪ್ಯಾಕೇಜುಗಳು ಜಕಾರ್ತಾ ಅಂತ ಹೆಸರು ಬದಲಿಸಿಕೊಂಡವು. ಟಾಮ್‌ಕ್ಯಾಟ್ 10 ಹೊಸ ಹೆಸರನ್ನು ಮಾತ್ರ ಗುರುತಿಸುತ್ತೆ. ನಿಮ್ಮ ಸರ್ವ್ಲೆಟ್ ಮೇಲಿರೋ ಹಳೇ ಹೆಸರಿನ ಅನೋಟೇಶನ್ (ಕೋಡಿಗೆ ಅಂಟಿಸಿದ ಗುರುತಿನ ಚೀಟಿ) ಅದರ ಕಣ್ಣಿಗೆ ಬೀಳೋದೇ ಇಲ್ಲ.

ಸದ್ಯಕ್ಕೆ ವೆಬ್‌ಆಪ್ಸ್ ಫೋಲ್ಡರಿನ ಪಕ್ಕದಲ್ಲೇ ವೆಬ್‌ಆಪ್ಸ್-ಜಾವಾಇಇ ಅಂತ ಫೋಲ್ಡರ್ ಮಾಡಿ ವಾರ್ ಫೈಲನ್ನು ಅದರೊಳಗೆ ಹಾಕಿ, ಟಾಮ್‌ಕ್ಯಾಟೇ ಪರಿವರ್ತನೆ ಮಾಡಿಕೊಳ್ಳುತ್ತೆ. ಆಮೇಲೆ ಪುರುಸೊತ್ತಾದಾಗ ಕೋಡನ್ನೇ ಬದಲಿಸಿ. ಆದರೆ ಕಣ್ಣುಮುಚ್ಚಿ ಎಲ್ಲ ಜಾವಾಎಕ್ಸನ್ನೂ ಬದಲಿಸಬೇಡಿ: ಜಾವಾಎಕ್ಸ್ ಎಸ್‌ಕ್ಯುಎಲ್‌ನಂಥವು ಜಾವಾದ ಒಳಗಿನವೇ, ಅವುಗಳ ಹೆಸರು ಬದಲಾಗಿಲ್ಲ.

ಪ್ರಶ್ನೆ: ಲಿನಕ್ಸಿನಲ್ಲಿ 8080ರ ಬದಲು 80ನೇ ಪೋರ್ಟ್ ಕೊಟ್ಟರೆ ಟಾಮ್‌ಕ್ಯಾಟ್ ಏಳಲ್ಲ. ರೂಟ್ (ಎಲ್ಲ ಅಧಿಕಾರ ಇರೋ ಯೂಸರ್) ಆಗಿ ಓಡಿಸಿಬಿಡ್ಲಾ?

ಉತ್ತರ: ಬೇಡ. 1024ಕ್ಕಿಂತ ಕೆಳಗಿನ ಪೋರ್ಟು ಲಿನಕ್ಸಿನಲ್ಲಿ ಮಾಮೂಲಿ ಯೂಸರಿಗೆ ಸಿಗಲ್ಲ, ವಿಂಡೋಸಿನಲ್ಲಿ ಆ ಕಟ್ಟುಪಾಡಿಲ್ಲ, ಅದಕ್ಕೇ ಅಲ್ಲಿ ಸುಮ್ನೆ ಓಡಿತ್ತು. ರೂಟ್ ಆಗಿ ಓಡಿಸಿದರೆ ಅಪ್ಲಿಕೇಶನ್ನಿನ ಒಂದು ತೂತಿನಿಂದ ಇಡೀ ಮಷೀನೇ ಹೋಗಬಹುದು. ಮುಂದೆ ಎನ್‌ಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಕೂರಿಸಿ, ಅದು 80 ಮತ್ತು 443 (ಎಚ್‌ಟಿಟಿಪಿಎಸ್ ಪೋರ್ಟ್) ನೋಡಿಕೊಂಡು ಕೋರಿಕೆಯನ್ನು ಹಿಂದಿನ 8080ಕ್ಕೆ ದಾಟಿಸಲಿ.

ಪ್ರಶ್ನೆ: ಟಾಮ್‌ಕ್ಯಾಟ್ ನಿಜವಾದ ಅಪ್ಲಿಕೇಶನ್ ಸರ್ವರೇ ಅಲ್ಲ, ವೆಬ್‌ಲಾಜಿಕ್ಕೋ ವೆಬ್‌ಸ್ಫಿಯರೋ ಥರದ ದೊಡ್ಡ ಸರ್ವರ್ ಬೇಕು ಅಂತ ನಮ್ಮ ಮೇಲಿನವರು ಹೇಳ್ತಾರೆ. ಹೌದಾ?

ಉತ್ತರ: ಹೆಸರಿನ ಮಟ್ಟಿಗೆ ಅವರು ಹೇಳೋದು ಸರಿ. ಟಾಮ್‌ಕ್ಯಾಟಿನಲ್ಲಿ ಸರ್ವ್ಲೆಟ್, ಜೆಎಸ್‌ಪಿ ಇದೆ, ಇಜೆಬಿ (ವ್ಯವಹಾರದ ಕೆಲಸ ನೋಡೋ ಜಾವಾ ಕಾಂಪೊನೆಂಟ್) ಇಲ್ಲ, ಜೆಎಂಎಸ್ (ಪ್ರೋಗ್ರಾಮುಗಳ ನಡುವೆ ಸಂದೇಶ ಸಾಗಿಸೋ ವ್ಯವಸ್ಥೆ) ಇಲ್ಲ. ಅವೆರಡರಲ್ಲಿ ಯಾವುದನ್ನಾದರೂ ಬಳಸ್ತೀರಾ? ಇಲ್ಲ ಅಂದ್ರೆ ದೊಡ್ಡ ಸರ್ವರ್ ನಿಮಗೆ ಭಾರ ಅಂತ ನನ್ನ ಅಭಿಪ್ರಾಯ. ಹೌದು ಅಂದ್ರೂ ಮೊದಲು ವೈಲ್ಡ್‌ಫ್ಲೈ, ಟಾಮ್ಇಇ ನೋಡಿ, ಎರಡೂ ಓಪನ್ ಸೋರ್ಸ್.

ಬದಲಿಸೋದೇ ಆದರೆ ಎರಡು ಕಡೆ ಕಾಲು ಜಾರುತ್ತೆ. ಡೇಟಾಬೇಸ್ ಸಂಪರ್ಕದ ಜೆಎನ್‌ಡಿಐ ಹೆಸರನ್ನು (ಕೋಡು ಆ ಸಂಪರ್ಕವನ್ನು ಸರ್ವರಿನಿಂದ ಕೇಳೋ ಹೆಸರು) ಒಂದೊಂದು ಸರ್ವರ್ ಒಂದೊಂದು ಥರ ಬರೆಸುತ್ತೆ. ಎರಡನೆಯದು ಲೈಬ್ರರಿ. ಟಾಮ್‌ಕ್ಯಾಟ್ ಮೊದಲು ನಿಮ್ಮ ವಾರ್ ಒಳಗೆ ಹುಡುಕಿ ಆಮೇಲೆ ತನ್ನದನ್ನು ನೋಡುತ್ತೆ, ವೆಬ್‌ಸ್ಫಿಯರ್ ಡೀಫಾಲ್ಟ್ ಆಗಿ ಇದರ ಉಲ್ಟಾ. ನೀವು ಹೊಸ ಲೈಬ್ರರಿ ಹಾಕಿರ್ತೀರಿ, ಓಡ್ತಿರೋದು ಸರ್ವರಿನ ಹಳೆಯದಾಗಿರುತ್ತೆ, ಇಲ್ಲದ ಮೆಥಡ್ ಕರೆದಿದ್ದೀರಿ ಅಂತ ಎರರ್ ಬರುತ್ತೆ. ಕ್ಲಾಸ್ ಲೋಡರ್ ಕ್ರಮ, ಅಂದ್ರೆ ಈ ಹುಡುಕೋ ಕ್ರಮ, ಬದಲಿಸೋ ಸೆಟ್ಟಿಂಗ್ ಇದೆ, ಮೊದಲ ದಿನವೇ ಹುಡುಕಿಟ್ಟುಕೊಳ್ಳಿ.

ಪ್ರಶ್ನೆ: ಎಆರ್‌ಎಂ ಚಿಪ್ಪಿನ ಲ್ಯಾಪ್‌ಟಾಪಿನಲ್ಲಿ ಮಾಡಿದ ಡಾಕರ್ ಇಮೇಜ್ (ಅಪ್ಲಿಕೇಶನ್ನನ್ನು ಬೇಕಾದ್ದೆಲ್ಲದರ ಜೊತೆ ಕಟ್ಟಿಟ್ಟ ಡಬ್ಬಿ) ಇಂಟೆಲ್ ಸರ್ವರಿನಲ್ಲಿ 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಅನ್ನುತ್ತೆ. ಡಾಕರ್ ಇದ್ದರೂ ಹೀಗಾ?

ಉತ್ತರ: ಡಾಕರ್ ಡಬ್ಬಿಯನ್ನು ಸಾಗಿಸುತ್ತೆ, ಪ್ರೊಸೆಸರನ್ನಲ್ಲ. ನಿಮ್ಮ ವಾರ್ ಫೈಲಿಗೆ ಯಾವ ಚಿಪ್ ಆದರೂ ಸರಿ, ಆದರೆ ಅದರ ಜೊತೆ ಇಮೇಜಿನಲ್ಲಿ ಕೂತಿರೋ ಜಾವಾ ಎಆರ್‌ಎಂನದು. ಬಿಲ್ಡ್ ಮಾಡುವಾಗಲೇ ಪ್ಲಾಟ್‌ಫಾರ್ಮ್ ಲಿನಕ್ಸ್ ಎಎಂಡಿ64 (ಇಂಟೆಲ್ ಚಿಪ್ಪಿಗೂ ಇದೇ ಹೆಸರು) ಅಂತ ಹೇಳಿ, ಇಲ್ಲವೇ ಡಾಕರಿನ ಬಿಲ್ಡ್‌ಎಕ್ಸ್‌ನಲ್ಲಿ ಎರಡಕ್ಕೂ ಒಟ್ಟಿಗೆ ಮಾಡಿ. ಸಿ ಭಾಷೆಯಲ್ಲಿ ಬರೆದ ನೇಟಿವ್ ಲೈಬ್ರರಿ ಏನಾದರೂ ಬಳಸ್ತಿದ್ದರೆ ಅದರ ಇಂಟೆಲ್ ಪ್ರತಿಯೂ ಬೇಕಾಗುತ್ತೆ, ಅದೊಂದು ನೋಡಿಕೊಂಡು ಬಿಲ್ಡ್ ಒತ್ತಿ.