ಓದುಗರ ಪ್ರಶ್ನೆ, ನಮ್ಮ ಉತ್ತರ: ಹೊನ್ನಾವರ ಬರೀ ಬಸ್ ಸ್ಟಾಪಾ?

ಪ್ರಶ್ನೆ: ಗೋಕರ್ಣ, ಮುರ್ಡೇಶ್ವರಕ್ಕೆ ಹೋಗುವಾಗೆಲ್ಲ ಹೊನ್ನಾವರ ದಾಟುತ್ತೇವೆ. ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ, ಚಹಾ ಕುಡಿಯುತ್ತೇವೆ, ಅಷ್ಟೆ. ಆ ಊರಿಗೆ ಹೇಳಿಕೊಳ್ಳುವಂಥ ಇತಿಹಾಸ ಏನಾದರೂ ಇದೆಯಾ? (ದಾವಣಗೆರೆಯ ಓದುಗರು)

ಉತ್ತರ: ಇದೆಯಾ ಅಂತ ಕೇಳಿಬಿಟ್ಟಿರಲ್ಲ! ಮುಂದಿನ ಸಲ ಚಹಾ ಹಿಡಿದುಕೊಂಡೇ ಬಂದರಿನ ಕಡೆ ನಾಲ್ಕು ಹೆಜ್ಜೆ ಹಾಕಿ. ಅಲ್ಲಿ ಶರಾವತಿ ಸಮುದ್ರ ಸೇರುತ್ತದೆ. ಈ ಊರು ಹುಟ್ಟಿದ್ದು, ಬೆಳೆದದ್ದು, ಹೊಡೆತ ತಿಂದದ್ದು ಎಲ್ಲವೂ ಆ ಅಳಿವೆಯಿಂದಲೇ. ಘಟ್ಟದ ಮೇಲಿನ ಮೆಣಸು ಗೇರುಸೊಪ್ಪಕ್ಕೆ ಇಳಿಯುತ್ತಿತ್ತು, ಅಲ್ಲಿಂದ ದೋಣಿಯಲ್ಲಿ ಹೊಳೆಗುಂಟ ಹೊನ್ನಾವರಕ್ಕೆ ಬಂದು ಹಡಗು ಹತ್ತುತ್ತಿತ್ತು.

ಹದಿನಾಲ್ಕನೇ ಶತಮಾನದಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಇಲ್ಲಿಗೆ ಬಂದಿದ್ದ. ಊರಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ಇದ್ದವು, ಇಂಥದ್ದನ್ನು ಬೇರೆಲ್ಲೂ ನೋಡಿಲ್ಲ ಅಂತ ಬರೆದಿಟ್ಟಿದ್ದಾನೆ. ನನಗೆ ಜಾಸ್ತಿ ಇಷ್ಟವಾದದ್ದು ಅವನ ಊಟದ ವರ್ಣನೆ. ಅನ್ನ, ಮೇಲೆ ತುಪ್ಪ, ಪಕ್ಕಕ್ಕೆ ಮೆಣಸು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಆಮೇಲೆ ಕೋಳಿ, ಕೊನೆಗೆ ಹುಳಿ ಮೊಸರು. ಇನ್ನೊಂದು ಸಲ ಬಂದಾಗ 11 ತಿಂಗಳು ಉಳಿದನಂತೆ, ಅಷ್ಟೂ ದಿನ ರೊಟ್ಟಿ ಕಾಣಲಿಲ್ಲ, ಬರೀ ಅನ್ನ. ಪಾಪ, ಅದು ಅವನಿಗೆ ಕಷ್ಟ, ಕರಾವಳಿಯವರಿಗೆ ಅದೇ ಊಟ ಅಲ್ವಾ?

ಪೋರ್ಚುಗೀಸರು ಬಂದಮೇಲೆ ನೆಮ್ಮದಿ ಹೋಯಿತು. ಅವರ ಬಾಯಲ್ಲಿ ಊರಿನ ಹೆಸರು ‘ಓನೋರ್’. 1505ರಲ್ಲಿ ಅವರ ವೈಸರಾಯ್ ಅಲ್ಮೇಡಾ ಇಲ್ಲಿನ ಹಡಗುಗಳಿಗೆ ಬೆಂಕಿ ಇಟ್ಟ. ಐದೇ ವರ್ಷಕ್ಕೆ ಅದೇ ಪೋರ್ಚುಗೀಸರು ಗೋವಾ ಹಿಡಿಯಲು ಹೊರಟಾಗ ಜೊತೆಗೆ ನಿಂತವನು ಹೊನ್ನಾವರದ ತಿಮ್ಮಯ್ಯ. ಅವನನ್ನು ಕಡಲ್ಗಳ್ಳ ಅನ್ನುವವರಿದ್ದಾರೆ, ನಾಯಕ ಅನ್ನುವವರೂ ಇದ್ದಾರೆ. ನನ್ನನ್ನು ಕೇಳಿದರೆ, ಆ ಕಾಲದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಇರಲಿಲ್ಲ. 1569ರಲ್ಲಿ ಇಲ್ಲಿನ ಕೋಟೆಯೂ ಅವರ ಪಾಲಾಯಿತು. ಆಗ ಮೇಲೆ ಗೇರುಸೊಪ್ಪದಲ್ಲಿ ಆಳುತ್ತಿದ್ದವಳು ಚೆನ್ನಭೈರಾದೇವಿ. ಪೋರ್ಚುಗೀಸರೇ ಅವಳನ್ನು ‘ಮೆಣಸಿನ ರಾಣಿ’ ಎಂದು ಕರೆದರು. ಅವಳು ಆಳಿದ್ದು 1552ರಿಂದ 54 ವರ್ಷ. ಕಡೆಗೆ ಅವಳನ್ನು ಸೋಲಿಸಿದವರು ಪರದೇಶದವರಲ್ಲ, ನಮ್ಮ ಕೆಳದಿಯವರೇ.

ಪ್ರಶ್ನೆ: ಹೊನ್ನಾವರದಲ್ಲಿ ರೈಲು ತುಂಬಾ ಹೊತ್ತು ನೀರಿನ ಮೇಲೇ ಹೋಗುತ್ತದೆ. ಸೇತುವೆ ಎಷ್ಟು ಉದ್ದ? (ಉಡುಪಿ)

ಉತ್ತರ: 2 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಕೊಂಕಣ ರೈಲಿನ ಅತಿ ಉದ್ದದ ಸೇತುವೆ ಅದೇ. ಉಡುಪಿಯಿಂದ ಹೊರಟರೆ ಎಡಗಡೆ ಕಿಟಕಿ ಹಿಡಿಯಿರಿ, ಸಮುದ್ರ ಆ ಕಡೆಗಿದೆ.

ಪ್ರಶ್ನೆ: ಮಕ್ಕಳ ಜೊತೆ ಒಂದೇ ದಿನ ಇದ್ದರೆ ಏನು ನೋಡಬಹುದು? (ಮೈಸೂರು)

ಉತ್ತರ: ಹೊಳೆಯ ಆಚೆ ದಡದ ಕಾಸರಕೋಡು. 2020ರಲ್ಲಿ ನೀಲಿ ಬಾವುಟದ (ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ‘ಬ್ಲೂ ಫ್ಲ್ಯಾಗ್’) ಮಾನ್ಯತೆ ಸಿಕ್ಕ ಬೀಚು ಅದು. ಹತ್ತಿರದಲ್ಲೇ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ನಡೆಯಲು ಹಲಗೆಯ ದಾರಿ ಇದೆ, ಮಕ್ಕಳು ಏಡಿ ಹುಡುಕುತ್ತಾ ಅಲ್ಲೇ ನಿಂತುಬಿಡುತ್ತಾರೆ. ಸಮಯ ಉಳಿದರೆ ಗೇರುಸೊಪ್ಪಕ್ಕೆ ಹೋಗಿ ಚತುರ್ಮುಖ ಬಸದಿ ನೋಡಿ. ನಾಲ್ಕು ದಿಕ್ಕಿಗೂ ಬಾಗಿಲು, ಸುತ್ತ ಕಾಡು. ಮಳೆಗಾಲವಾದರೆ ಜಿಗಣೆ ಇರುತ್ತವೆ, ಉಪ್ಪಿನ ಪೊಟ್ಟಣ ಮರೆಯಬೇಡಿ.